ಶೇರ್‌ಕ್ರಾಪಿಂಗ್‌ಗೆ ಕನ್ನಡ: ವಾರ? ಕೋರು? ಗೇಣಿ? (ಫ್ಲೆಕ್ಸ್ ನಾಳೆ ಪ್ರಿಂಟಿಗೆ)

ಅರೆಮಲ್ಲಿಗೆ ಬರೆದದ್ದು:

ಎಲ್ರಿಗೂ ನಮಸ್ಕಾರ. ಅರ್ಜೆಂಟು, ಅದಕ್ಕೆ ನೇರ ವಿಷಯಕ್ಕೆ ಬರ್ತೀನಿ.

ಒಂದು ಕಾಲೇಜಿನ ಇತಿಹಾಸ ವಿಭಾಗದವರು ಸೋಮವಾರ ಪ್ರದರ್ಶನ ಇಟ್ಕೊಂಡಿದಾರೆ, ಅಮೆರಿಕದ ಇತಿಹಾಸದಲ್ಲಿ ದುಡ್ಡು, ಧರ್ಮ, ರಾಜಕಾರಣ ಹೆಂಗೆ ಒಂದಕ್ಕೊಂದು ಹೆಣ್ಕೊಂಡಿವೆ ಅಂತ, ಒಟ್ಟು ಹನ್ನೆರಡು ಫ್ಲೆಕ್ಸು. ಹನ್ನೊಂದು ಮುಗೀತು, ಹನ್ನೆರಡನೇದ್ರಲ್ಲಿ ಸಿಕ್ಕಾಕ್ಕೊಂಡೆ. ಫ್ಲೆಕ್ಸಿನವರು ನಾಳೆ ಬೆಳಗ್ಗೆ 11ಕ್ಕೆ ಫೈಲ್ ಬರ್ದಿದ್ರೆ ಮದುವೆ ಬ್ಯಾನರ್‌ಗಳು ಸರದಿಯಲ್ಲಿವೆ, ಆಮೇಲೆ ನಮ್ಮನ್ನ ಕೇಳ್ಬೇಡಿ ಅಂದುಬಿಟ್ಟಿದಾರೆ.

ಫ್ಲೆಕ್ಸಿನಲ್ಲಿರೋ ಕಥೆ ಇಷ್ಟು. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ಅಂತರ್ಯುದ್ಧದ ಕೊನೇ ತಿಂಗಳುಗಳು, ದಕ್ಷಿಣದಲ್ಲಿ ಕರಿಯರ ಗುಲಾಮಗಿರಿ ಮುರೀತಿತ್ತು. 1865ರ ಜನವರಿ 12ರಂದು ಜಾರ್ಜಿಯಾದ ಸವಾನಾ ಊರಲ್ಲಿ ಉತ್ತರದ ಸೈನ್ಯದ ಜನರಲ್ ಶೆರ್ಮನ್ ಮತ್ತು ಯುದ್ಧಮಂತ್ರಿ ಸ್ಟ್ಯಾಂಟನ್ ಇಬ್ಬರೂ ಕರಿಯರ ಚರ್ಚುಗಳ ಇಪ್ಪತ್ತು ಜನ ಪಾದ್ರಿಗಳು, ಹಿರೀಕರನ್ನ ಕರೆಸಿ, ನಿಮ್ಮ ಜನಕ್ಕೆ ಏನು ಬೇಕು ಅಂತ ಕೇಳ್ತಾರೆ. ಎಲ್ಲರ ಪರವಾಗಿ ಮಾತಾಡಿದ್ದು ಗ್ಯಾರಿಸನ್ ಫ್ರೇಜಿಯರ್ ಅನ್ನೋ 67 ವರ್ಷದ ಬ್ಯಾಪ್ಟಿಸ್ಟ್ ಪಾದ್ರಿ, ತನ್ನನ್ನೂ ತನ್ನ ಹೆಂಡತಿಯನ್ನೂ ಸಾವಿರ ಡಾಲರ್ ಕೊಟ್ಟು ಗುಲಾಮಗಿರಿಯಿಂದ ಬಿಡಿಸ್ಕೊಂಡಿದ್ದ ಮನುಷ್ಯ. ನಮಗೆ ಭೂಮಿ ಬೇಕು, ನಾವೇ ಉತ್ತು ಬಿತ್ತು ಬದುಕ್ತೀವಿ ಅಂತಾನೆ. ನಾಲ್ಕೇ ದಿನಕ್ಕೆ ಶೆರ್ಮನ್ ಆದೇಶ ಬಂತು, ಕುಟುಂಬಕ್ಕೆ 40 ಎಕರೆವರೆಗೆ. ಲಿಂಕನ್ ಕೊಲೆ ಆದ್ಮೇಲೆ ಅಧ್ಯಕ್ಷನಾಗಿ ಬಂದ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಹೆಚ್ಚುಕಡಿಮೆ ಎಲ್ಲಾ ಜಮೀನನ್ನೂ ಹಳೇ ಒಡೆಯರಿಗೆ ವಾಪಸ್ ಕೊಡಿಸಿಬಿಟ್ಟ. ಭೂಮಿ ಹೋದ್ಮೇಲೆ ಉಳಿದ ದಾರಿ ಒಡೆಯನ ಜಮೀನಲ್ಲಿ ದುಡಿದು ಬೆಳೆಯಲ್ಲಿ ಪಾಲು ತಗೊಳೋ ಶೇರ್‌ಕ್ರಾಪಿಂಗ್.

ಇದಕ್ಕೆ ಎರಡು ಪದದೊಳಗೆ ಹೆಡಿಂಗ್ ಬೇಕು. ನಾನು ಸದ್ಯಕ್ಕೆ 'ಪಾಲು ಬೇಸಾಯ' ಅಂತ ಹಾಕಿದೀನಿ, ಯಾಕೋ ಸಪ್ಪೆ ಅನ್ನಿಸ್ತಿದೆ. ಜೊತೆಗೆ ಇನ್ನೆರಡು: ಬೆಳೆ ಬರೋಕೆ ಮುಂಚೇನೇ ಅದರ ಮೇಲೆ ಅಂಗಡಿಯವನ ಹಕ್ಕು ಬರೆಸ್ಕೊಳೋ 'ಕ್ರಾಪ್ ಲಿಯನ್', ಮತ್ತೆ ಮಾರ್ಚಿಂದ ಆಗಸ್ಟ್‌ವರೆಗೆ ಒಡೆಯ ಅಥವಾ ಅಂಗಡಿಯವನು ಹಿಟ್ಟು, ಹಂದಿಮಾಂಸ, ಬಟ್ಟೆ ಸಾಲದ ಮೇಲೆ ಕೊಡ್ತಿದ್ದದ್ದು, ಅದಕ್ಕೆ ಅಲ್ಲಿಯವರು ಬರೀ 'ಫರ್ನಿಶ್' ಅಂತಿದ್ರಂತೆ. ದಯವಿಟ್ಟು ರಾತ್ರಿಯೊಳಗೆ ಹೇಳಿ.

---

ಕಬ್ಬಿನಗದ್ದೆ:

ಇದಕ್ಕೆ ಇಷ್ಟು ಯೋಚ್ನೆ ಯಾಕ್ ಮೇಡಂ. ವಾರ. ನಮ್ ಮಂಡ್ಯ ಕಡೆ ಯಾರ್ನ ಬೇಕಾದ್ರೂ ಕೇಳಿ, ಜಮೀನು ವಾರಕ್ಕೆ ಕೊಟ್ಟವ್ನೆ, ವಾರಕ್ಕೆ ಮಾಡ್ತಾವ್ನೆ ಅಂತಾರೆ. 'ವಾರದ ಬೇಸಾಯ' ಅಂತ ಹಾಕಿ ಮಲಗಿ.

---

ನೇಸರನುಡಿ:

'ವಾರದ ಬೇಸಾಯ' ಅಂತ ಹಾಕಿದ್ರೆ ಕಾಲೇಜು ಮಕ್ಕಳು ಬಾನುವಾರಕ್ಕೊಂದು ಸಲ ಮಾಡೋ ಬೇಸಾಯ ಅನ್ಕೋತಾರೆ. ಎಳೆಯರಿಗೆ ಈ ವಾರ ಗೊತ್ತೇ ಇಲ್ಲ.

ನನ್ನ ಸಲಹೆ: ಪಾಲ್ಗೆಯ್ಮೆ. ಗೆಯ್ ಅಂದ್ರೆ ದುಡಿ, ಉಳು, ಎರಡೂ ಹುರುಳಿದೆ. ಪಾಲು + ಗೆಯ್ಮೆ. ಒಂದೇ ಪದ, ಹೆಡ್ಡಿಂಗಿಗೆ ಸರಿಯಾಗಿ ಕೂರುತ್ತೆ. ಪಾಲು ತಗೊಂಡು ದುಡಿಯೋನು ಪಾಲ್ಗೆಯ್ಮೆಗ. ಕ್ರಾಪ್ ಲಿಯನ್‌ಗೆ ಬೆಳೆಯೊತ್ತೆ. ಎರವಲು ಯಾಕೆ, ಕಟ್ಟೋಕೆ ಬಾಶೆ ಇದೆಯಲ್ಲ.

---

ಗಮಕಿ:

ಪಾಲ್ಗೆಯ್ಮೆಗ! ಉಚ್ಚರಿಸಿ ನೋಡಿದೆ, ಕಟ್ಟಿಸಿಕೊಂಡ ಹಲ್ಲು ಅಲ್ಲಾಡಿತು. 'ಅಂಶಕೃಷಿ' ಎಂದು ಹಾಕಿ. ಗೌರವವಾಗಿರುತ್ತದೆ.

ಭಾನುವಾರಕ್ಕೆ ಮಹಾಪ್ರಾಣ ಇದೆ ಎಂಬುದನ್ನೂ ಈ ಸಂದರ್ಭದಲ್ಲಿ ನೆನಪಿಸುತ್ತೇನೆ.

---

ಕಡಲತಡಿ:

ಅಂಶಕೃಷಿ ಅಂದರೆ ಸ್ವಲ್ಪ ಸ್ವಲ್ಪ ಕೃಷಿ ಮಾಡುವುದು ಅಂತ ಆಗ್ತದೆ ಗುರುಗಳೇ, ಪಾರ್ಟ್‌ಟೈಮ್ ಹಾಗೆ.

ನಮ್ಮ ದಕ್ಷಿಣ ಕನ್ನಡದಲ್ಲಿ ಗೇಣಿ ಅಂತ ಒಳ್ಳೆ ಪದ ಉಂಟು. ಗೇಣಿ ಒಕ್ಕಲು ಅಂದರೆ ಕರ್ನಾಟಕದಲ್ಲಿ ಯಾರಿಗೂ ಅರ್ಥ ಆಗ್ತದೆ, 1974ರ ಭೂಸುಧಾರಣೆ ಆದ ಮೇಲಂತೂ ಮನೆಮಾತು. ಮತ್ತೆ ಅಲ್ಲಿಯ ಕಥೆಯೂ ಇಲ್ಲಿಯ ಕಥೆಯೂ ಒಂದೇ ಅಲ್ಲವಾ, ಉಳುವವ ಒಬ್ಬ, ಉಣ್ಣುವವ ಇನ್ನೊಬ್ಬ. 'ಗೇಣಿ ಬದುಕು' ಅಂತ ಹಾಕಿ ಮಾರಾಯ್ರೆ.

---

ಕಬ್ಬಿನಗದ್ದೆ:

ಗೇಣಿನೂ ವಾರನೂ ಒಂದೇ ಅಂತ ಯಾವನ್ ಸಾರ್ ಹೇಳಿದ್ದು? ಗೇಣಿ ಅಂದ್ರೆ ಇಷ್ಟು ಮುಡಿ ಅಂತ ಕಟ್ಟಿದ್ ಮೇಲೆ ಮುಗೀತು, ಮಳೆ ಹೋಗ್ಲಿ ಹುಳ ಬೀಳ್ಲಿ ಅಷ್ಟು ಅಳೀಲೇಬೇಕು. ವಾರ ಅಂದ್ರೆ ಬಂದಿದ್ರಲ್ಲಿ ಪಾಲು, ಬರ್ದಿದ್ರೆ ಇಬ್ರಿಗೂ ಇಲ್ಲ. ಮೇಡಂ ಕೇಳ್ತಿರೋದು ಎರಡನೇದು.

ನಮ್ ತಾತ ವಾರಕ್ಕೆ ಮಾಡ್ತಿದ್ರು. ಕಣದಲ್ಲಿ ರಾಶಿ ಆದ್ಮೇಲೆ ಜಮೀನ್ದಾರನ ಕಡೆಯೋನು ಬಂದು ನಿಂತ್ಕೊಳೋನು, ಕೊಳಗದಲ್ಲಿ ಅಳೆಯೋರು, ನಿಂಗೊಂದು ನಂಗೊಂದು ಅಂತ ಎರಡು ಗುಡ್ಡೆ. ಕೊನೇಲಿ ತಳದಲ್ಲಿ ಮಣ್ಣು ಬೆರೆತ ಭತ್ತ ಉಳೀತದಲ್ಲ, ಅದಕ್ಕೆ ಪ್ರತಿ ವರ್ಷ ಜಗಳ.

ಅಂದಂಗೆ ವಾರಸುದಾರ ಅನ್ನೋ ಪದನೂ ಈ ವಾರದಿಂದಲೇ ಬಂದಿರಬೇಕು, ಪಾಲು ಇರೋನು ಅಂತ. ಬಲ್ಲೋರು ಹೇಳಿ.

---

ಗಮಕಿ:

ಇಲ್ಲ. ಅರಬ್ಬಿಯ ವಾರಿಸ್.

---

ಕಬ್ಬಿನಗದ್ದೆ:

ಆಯ್ತು ಸಾರ್, ಹೊಡೀಬೇಡಿ.

---

ನೇಸರನುಡಿ:

ಈ ವಾರ ಬೇರೆ, ಸಂಸ್ಕ್ರುತದ ವಾರ ಬೇರೆ. ವಾರಾನ್ನದ ವಾರ ದಿನದ್ದು, ಆದಿತ್ಯವಾರ ಒಬ್ಬರ ಮನೆ, ಸೋಮವಾರ ಇನ್ನೊಬ್ಬರ ಮನೆ. ಗದ್ದೆಯ ವಾರ ತಮಿಳಿನ ಮೇಲ್ವಾರಂ, ಕುಡಿವಾರಂ ಅಂತಾರಲ್ಲ ಆ ವಾರ, ಅಲ್ಲಿ ಒಡೆಯನ ಪಾಲು ಮೇಲ್ವಾರ, ಒಕ್ಕಲಿನ ಪಾಲು ಕುಡಿವಾರ. ಇದು ನಮ್ಮದೇ ನುಡಿಕುಟುಂಬದ ಪದ, ಹಂಗಾಗಿ ನನಗೆ ಒಪ್ಪಿಗೆ ಇದೆ, ಆದ್ರೆ ಎಳೆಯರಿಗೆ ತಿಳಿಯಲ್ಲ ಅನ್ನೋದೇ ತೊಡಕು. ಪಾಲ್ಗೆಯ್ಮೆ ಮೇಲು.

---

ಎರೆಹೊಲ:

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಧಾರವಾಡ ಗದಗ ಕಡೆ ಇದಕ್ಕ ಕೋರು ಅಂತೀವಿ. ಹೊಲ ಕೋರಿಗೆ ಹಾಕೇನಿ, ಕೋರಿಗೆ ಮಾಡ್ತಾನ. ರೊಕ್ಕಾ ಮೊದಲ ಕೊಟ್ಟು ಹೊಲ ಹಿಡದರ ಅದು ಲಾವಣಿ, ಅದು ಬ್ಯಾರೆ. ತಮಿಳಿನ್ಯಾಗ ಕೂಱು ಅಂದ್ರ ಪಾಲು, ನಮ್ಮ ಕೋರು ಅದರ ಅಣ್ಣನೋ ತಮ್ಮನೋ ಇರಬೇಕು.

ಆದ್ರ ಅಕ್ಕಾರ, ಪದಾ ಆರಿಸೂಕಿಂತ ಮೊದಲ ನನಗೊಂದು ಹೇಳ್ರಿ. ಎತ್ತು ಯಾರವು?

---

ಅರೆಮಲ್ಲಿಗೆ:

ಸರ್, ಅರ್ಥ ಆಗ್ಲಿಲ್ಲ. ಎತ್ತು ಅಂದ್ರೆ?

---

ಎರೆಹೊಲ:

ಅಲ್ರೀ, ಕೋರು ಅಂದ್ರ ನಮ್ಮಲ್ಲೆ ಮಾಡಾವಂದು ಎತ್ತು, ಮಾಡಾವಂದು ಕೂರಿಗಿ ಕುಂಟಿ, ಬೀಜ ಗೊಬ್ಬರ ಹೆಂಗ ಮಾತಾಡಿರತಾರೋ ಹಂಗ. ಒಂದು ಜೋಡಿ ಎತ್ತು ಇದ್ದಾವಗ ಹೊಲ ಕೋರಿಗೆ ಕೊಡ್ತಾರ, ಎತ್ತಿಲ್ಲದಾಂವ ಆಳು. ಊರಾಗ ಅವಂಗ ಹೆಣ್ಣು ಕೊಡೂದು ಬಿಡೂದೂ ಅದರ ಮ್ಯಾಲೇ ಇತ್ತು. ನಿಮ್ಮ ಅಮೆರಿಕಾದಾಗ ಎತ್ತು ಮಾಲಕಂದು ಆಗಿದ್ರ ಅದು ಕೋರೂ ಅಲ್ಲ, ವಾರಾನೂ ಅಲ್ಲ.

---

ಪೀಚ್‌ಮರ:

ಅಟ್ಲಾಂಟದಿಂದ ಬರೀತಿದೀನಿ, ಇಲ್ಲಿ ಈಗ ಮಧ್ಯಾಹ್ನ ಊಟದ ಬ್ರೇಕು. ಎರೆಹೊಲ ಸರ್ ಸರಿಯಾದ ಜಾಗಕ್ಕೇ ಕೈ ಹಾಕಿದಾರೆ.

ಇಲ್ಲಿ ಎತ್ತಿನ ಜಾಗದಲ್ಲಿ ಮ್ಯೂಲ್, ಕತ್ತೆ ಕುದುರೆ ಬೆರಕೆ ಪ್ರಾಣಿ. ಸ್ವಂತ ಮ್ಯೂಲು, ಸ್ವಂತ ನೇಗಿಲು ಇದ್ದವನು ಶೇರ್ ಟೆನೆಂಟ್, ಸಾಮಾನ್ಯವಾಗಿ ಮುಸುಕಿನ ಜೋಳದಲ್ಲಿ ಮೂರನೇ ಒಂದು, ಹತ್ತಿಯಲ್ಲಿ ನಾಲ್ಕನೇ ಒಂದು ಒಡೆಯನಿಗೆ ಕೊಟ್ಟು ಮಿಕ್ಕಿದ್ದು ಇಟ್ಕೋತಿದ್ದ. ಏನೂ ಇಲ್ಲದೆ ಬರೀ ಮೈ, ಹೆಂಡತಿ ಮಕ್ಕಳನ್ನ ಕರ್ಕೊಂಡು ಬಂದವನು ಕ್ರಾಪರ್, ಜಮೀನು, ಗುಡಿಸಲು, ಮ್ಯೂಲ್, ಬೀಜ ಎಲ್ಲಾ ಒಡೆಯಂದು, ಅವನಿಗೆ ಅರ್ಧ. ಅದಕ್ಕೇ ಹಾಫ್ ಮೇಲೆ ದುಡಿಯೋದು ಅಂತಾನೇ ಮಾತಿತ್ತು. ಕಾನೂನೂ ಅವರಿಬ್ಬರನ್ನ ಬೇರೆ ಬೇರೆ ಮಾಡಿತ್ತು. 1872ರಲ್ಲಿ ಜಾರ್ಜಿಯಾ ಸುಪ್ರೀಂ ಕೋರ್ಟು ಆಪ್ಲಿಂಗ್ ವರ್ಸಸ್ ಓಡಮ್ ಕೇಸಲ್ಲಿ ಹೇಳಿದ್ದು, ಕ್ರಾಪರ್‌ಗೆ ಜಮೀನಿನ ಸ್ವಾಧೀನ ಇಲ್ಲ, ಅವನು ಗೇಣಿದಾರ ಅಲ್ಲ, ಕೂಲಿಯಾಳು, ಕೂಲಿ ಬೆಳೆಯ ರೂಪದಲ್ಲಿ ಸಿಗುತ್ತೆ ಅಷ್ಟೇ. ಅಂದ್ರೆ ಹೊಲದಲ್ಲಿ ನಿಂತಿರೋ ಹತ್ತಿ ಒಡೆಯಂದೇ, ಅವನು ಪಾಲು ಕೊಟ್ಟಾಗ ಇವನದಾಗುತ್ತೆ. ನಮ್ಮ ಕಡೆ ಒಕ್ಕಲು ಅಂದ್ರೆ ಭೂಮಿ ಮೇಲೆ ಒಂದು ತರ ಹಕ್ಕಿನ ವಾಸನೆ ಇರುತ್ತಲ್ಲ, ಅದು ಇಲ್ಲಿ ಇಲ್ಲ. ಹಾಗಾಗಿ ಗೇಣಿ ಖಂಡಿತ ಬೇಡ. ಒಕ್ಕಲು ಅನ್ನೋದೂ ಬೇಡ.

---

ಕಡಲತಡಿ:

ಹಾಗಾದರೆ ಸೀದಾ ಜೀತ ಅಂತ ಹೇಳುವುದಕ್ಕೆ ಯಾಕೆ ನಾಚಿಕೆ? ಸಾಲ ತೀರದೆ ಹೊಲ ಬಿಟ್ಟು ಹೋಗಲಿಕ್ಕಿಲ್ಲ, ಓಡಿದರೆ ಶೆರಿಫ್ ಹಿಡಿದು ತರುವುದು. ಬೆಣ್ಣೆ ಹಚ್ಚಿ ಪಾಲು ಗೀಲು ಅನ್ನುವುದು ಯಾಕೆ. 'ಹತ್ತಿಯ ಜೀತ'. ಎರಡೇ ಪದ.

---

ಗಮಕಿ:

ಜೀತವೆಂಬುದು 'ಜೀವಿತ'ದಿಂದ ಬಂದದ್ದು. ಸಂಬಳವೆಂದೇ ಮೂಲ ಅರ್ಥ. ತೆಲುಗಿನಲ್ಲಿ ಇಂದಿಗೂ ಜೀತಮು ಎಂದರೆ ತಿಂಗಳ ಸಂಬಳ. ಹೈದರಾಬಾದಿನಲ್ಲಿ ಸಾಫ್ಟ್‌ವೇರಿನವರೂ ಜೀತ ಎಣಿಸುತ್ತಾರೆ.

---

ಕಬ್ಬಿನಗದ್ದೆ:

ಬೆಂಗ್ಳೂರಲ್ಲೂ ಅಷ್ಟೇ ಸಾರ್, ಅರ್ಥ ಮಾತ್ರ ನಮ್ದು.

---

ಪೀಚ್‌ಮರ:

ಜೀತದ ಬಗ್ಗೆ ಎರಡು ಮಾತು, ಆಮೇಲೆ ಮೀಟಿಂಗಿದೆ.

ಸಾಲಕ್ಕೆ ಕಟ್ಟಿಹಾಕಿ ದುಡಿಸೋದಕ್ಕೆ ಇಲ್ಲಿ ಪಿಯೊನೇಜ್ ಅಂತ ಬೇರೆ ಹೆಸರೇ ಇತ್ತು, 1867ರಲ್ಲೇ ಫೆಡರಲ್ ಕಾನೂನಲ್ಲಿ ಅದನ್ನ ನಿಷೇಧ ಮಾಡಿದ್ರು. ಆದ್ರೂ ರಾಜ್ಯಗಳು ಹಿಂಬಾಗಿಲಿಂದ ತಂದ್ವು. ಅಲಬಾಮದಲ್ಲಿ ಮುಂಗಡ ಇಸ್ಕೊಂಡು ಕೆಲಸ ಬಿಟ್ಟೋದ್ರೆ ಅದೇ ಮೋಸಕ್ಕೆ ಸಾಕ್ಷಿ ಅಂತ ಕಾನೂನು ಇತ್ತು, 1911ರಲ್ಲಿ ಬೈಲಿ ವರ್ಸಸ್ ಅಲಬಾಮ ಕೇಸಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೊಡೆದುಹಾಕ್ತು. ಹಾಗಾಗಿ ಜೀತ ಅನ್ನೋ ಪದವನ್ನ ಪಿಯೊನೇಜ್‌ಗೇ ಇಟ್ಕೊಳಿ, ಮುಂದೆ ಬೇಕಾಗುತ್ತೆ.

ಎರಡನೇದು, ಇದು ನನಗೆ ಮುಖ್ಯ ಅನ್ಸೋದು. ಯುದ್ಧ ಮುಗಿದ ಮೇಲೆ ಒಡೆಯರು ಬಯಸಿದ್ದು ಪಾಲಲ್ಲ, ಹಳೇ ಥರ ಮೇಸ್ತ್ರಿ ಕೈಕೆಳಗೆ ಗುಂಪುಗುಂಪಾಗಿ ದುಡಿಸೋದು, ವರ್ಷದ ಕೂಲಿಗೆ. ಬಿಡುಗಡೆಯಾದ ಜನ ಅದಕ್ಕೆ ಒಪ್ಪಲಿಲ್ಲ. ಗಂಟೆ ಹೊಡೆದಾಗ ಏಳಲ್ಲ, ನಮ್ಮ ಹೆಂಗಸರನ್ನ ಮೇಸ್ತ್ರಿ ಮುಂದೆ ಗದ್ದೆಗೆ ಕಳಿಸಲ್ಲ, ನಮಗೊಂದು ತುಂಡು ನೆಲ ಬಿಟ್ಕೊಡಿ, ನಾವೇ ಮಾಡ್ತೀವಿ ಅಂದ್ರು. ಒಡೆಯರ ಹತ್ತಿರ ನಗದಿರಲಿಲ್ಲ, ಸೋತ ದಕ್ಷಿಣದ ಸರ್ಕಾರದ ಕಾನ್ಫೆಡರೇಟ್ ನೋಟು ಕಸ ಆಗಿತ್ತು, ಬ್ಯಾಂಕುಗಳು ಮುಳುಗಿದ್ವು, ಕೂಲಿ ಕೊಡೋಕೆ ದುಡ್ಡೆಲ್ಲಿ. ಇವರಿಗೆ ಭೂಮಿ ಇಲ್ಲ, ಅವರಿಗೆ ರೊಕ್ಕ ಇಲ್ಲ, ನಡುವೆ ಬಂದು ನಿಂತಿದ್ದು ಪಾಲು. ಮೊದಮೊದಲು ಅದು ಗೆದ್ದಂಗೇ ಕಂಡಿತ್ತು. ಉರುಳು ಆಮೇಲೆ ಬಿಗೀತು. ಶುರುವಿಗೇ ಜೀತ ಅಂದ್ಬಿಟ್ರೆ ಆ ಜನ ಹಟ ಹಿಡಿದು ಕೇಳಿದ್ದೇ ಮರೆಯಾಗುತ್ತೆ.

ಅಲ್ಲದೆ ಬರೀ ಕರಿಯರಲ್ಲ. 1930ರ ಗಣತಿ ಹೊತ್ತಿಗೆ ದಕ್ಷಿಣದಲ್ಲಿ ಏಳು ಲಕ್ಷಕ್ಕೂ ಮಿಕ್ಕಿ ಕ್ರಾಪರ್ ಕುಟುಂಬಗಳು, ಹೆಚ್ಚುಕಮ್ಮಿ ಅರ್ಧ ಬಿಳಿಯರು.

---

ಎರೆಹೊಲ:

ಇನ್ನೊಂದು ಮಾತು. ಮಂಡ್ಯದವರು ಕಣದ ಮಾತು ಹೇಳಿದ್ರಲ್ಲ, ಅದನ್ನ ಹಿಡಕೋರಿ. ಭತ್ತ ಜ್ವಾಳ ಆದ್ರ ಕಣದಾಗ ಕಣ್ಣ ಮುಂದ ರಾಶಿ ಪಾಲಾಗತೈತಿ, ಕುರುಡಂಗೂ ಗೊತ್ತಾಗತೈತಿ. ಹತ್ತಿಗೆ ಎಲ್ಲೈತ್ರೀ ಕಣ? ಬಿಡಿಸಿದ ಅರಳಿ ಜಿನ್ನಿಗೆ ಹೋತು, ಕಾಳು ಒಂದ ಕಡೆ ಹತ್ತಿ ಒಂದ ಕಡೆ ಆತು, ಅಂಡಿಗಿ ಕಟ್ಟಿದ್ರು, ಮಾರಿದಾಂವ ಮಾಲಕ, ಬೆಲಿ ಹೇಳಿದಾಂವ ಮಾಲಕ, ತೂಕಾ ಬರದಾಂವ ಮಾಲಕ. ಬೆಳದಾವನ ಪಾಲಿಗೆ ಬಂದದ್ದು ಬರೇ ವಹಿಯೊಳಗಿನ ಅಂಕಿ. ನಮ್ಮಪ್ಪಗ ಹುಬ್ಬಳ್ಳಿ ದಲಾಲಿ ಅಂಗಡ್ಯಾಗ ಆದದ್ದೂ ಹಿಂಗ, ಪಟ್ಟಿ ಕೈಯಾಗ ಕೊಟ್ಟು ಹಮಾಲಿ, ತೂಕಾ, ಧರ್ಮಾ ಅಂತ ಮುರಕೊಂಡು ಉಳದದ್ದು ಎಣಿಸಿ ಕೊಡೂದು.

ಮತ್ತ ಇದು ದೂರದ ಕಥಿ ಅಂತ ತಿಳಕೋಬ್ಯಾಡ್ರಿ. 1840ರ ದಶಕದಾಗ ಕಂಪನಿ ಸರಕಾರ ಅಮೆರಿಕಾದ ನ್ಯೂ ಆರ್ಲಿಯನ್ಸ್ ಬೀಜ ತಂದು ನಮ್ಮ ಎರಿ ಹೊಲದಾಗ ಹಾಕಿಸಿತ್ತು, ಧಾರವಾಡ ಅಮೆರಿಕನ್ ಅಂತಾನ ಅದಕ್ಕ ಹೆಸರು. ಅಲ್ಲೆ ಯುದ್ಧಾ ಸುರು ಆದಾಗ ಲಿವರ್‌ಪೂಲಿಗೆ ಅಲ್ಲಿ ಹತ್ತಿ ಬಂದ್ ಆಗಿ ನಮ್ಮ ಹತ್ತಿಗೆ ಬಂಗಾರದ ಬೆಲಿ ಬಂತು, 1865ಕ್ಕ ಯುದ್ಧಾ ಮುಗೀತು, ಬೆಲಿ ದಬ್ಬಾಕಿಕೊಂಡು ಬಿತ್ತು. ನಿಮ್ಮ ಪಾದ್ರಿಗೋಳು ಸವಾನಾದಾಗ ಭೂಮಿ ಕೇಳಾಕತ್ತಿದ್ದ ವರ್ಷನ ನಮ್ಮವರು ಇಲ್ಲೆ ಮೈತುಂಬ ಸಾಲಾ ಮಾಡಕೊಂಡು ಕುಂತಿದ್ರು.

---

ಅರೆಮಲ್ಲಿಗೆ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂದ್ಕೊಂಡಿರ್ಲಿಲ್ಲ. ಈಗ ರಾತ್ರಿ 10:40. ನನಗೆ ತೋಚಿದ್ದು: ಎತ್ತಿನ ಪ್ರಶ್ನೆ ಕೇಳಿದ ಮೇಲೆ 'ಬೇಸಾಯ' ಅನ್ನೋದೇ ತಪ್ಪು ಅನ್ನಿಸ್ತು, ಬೇಸಾಯ ಅಂದ್ರೆ ಮಾಡೋನು ಬೇಸಾಯಗಾರ ಅಂತಾಗುತ್ತೆ, ಅಲ್ಲಿ ಕೋರ್ಟೇ ಅವನನ್ನ ಆಳು ಅಂದಿದೆ. ಹಂಗಾಗಿ 'ಪಾಲಿನ ದುಡಿಮೆ'. ನೇಸರನುಡಿಯವರ ಗೆಯ್ಮೆಗೂ ಅದೇ ಅರ್ಥ ಅಲ್ವಾ, ಮಕ್ಕಳಿಗೆ ನಾಲಿಗೆ ಹೊರಳೋ ಪದ ಹಾಕ್ದೆ ಅಷ್ಟೇ.

ಫರ್ನಿಶ್‌ಗೆ ಏನು? ಲಿಯನ್‌ಗೆ ಏನು? ಮ್ಯೂಲ್‌ಗೆ ಹೇಸರಗತ್ತೆ ಅಂತ ಹಾಕಿದೀನಿ, ಸರಿ ತಾನೆ?

---

ಕಬ್ಬಿನಗದ್ದೆ:

ಫರ್ನಿಶ್‌ಗೆ ಪಡಿ. ಆಳಿಗೆ ಪಡಿ ಅಳೆದು ಕೊಡೋದು ಅಂತ ಇದೆಯಲ್ಲ. ಅಂಗಡಿಯಿಂದ ಅಂದ್ರೆ ಉದ್ರಿ. 'ಉದ್ರಿ ಪಡಿ' ಅಂತ ಹಾಕಿದ್ರೆ ಎರಡೂ ಬಂತು.

---

ಪೀಚ್‌ಮರ:

ಉದ್ರಿ ಪಡಿ ಸೂಪರ್. ಅಲ್ಲಿ ಅಂಗಡೀಲಿ ಒಂದೇ ಸಾಮಾನಿಗೆ ಎರಡು ಬೆಲೆ, ನಗದಿಗೊಂದು ಉದ್ರಿಗೊಂದು, ಬಡ್ಡಿ ಆ ಎರಡನೇ ಬೆಲೆಯೊಳಗೇ ಕೂತಿರ್ತಿತ್ತು. ಕ್ರಿಸ್‌ಮಸ್ ಹೊತ್ತಿಗೆ ಲೆಕ್ಕ ಚುಕ್ತಾ. ಅಂಗಡಿಯವನು ಸಾಲ ಕೊಡ್ಬೇಕಾದ್ರೆ ಹತ್ತಿ ಹಾಕು ಅಂತಾನೆ, ಜೋಳ ಹಾಕಿದ್ರೆ ಮನೇಲಿ ತಿಂದ್ಬಿಡ್ತಾರಲ್ಲ. ಎಲ್ಲರೂ ಹತ್ತಿ ಹಾಕಿ ಹಾಕಿ 1894ರಲ್ಲಿ ಬೆಲೆ ಪೌಂಡಿಗೆ ಐದು ಸೆಂಟಿಗಿಂತ ಕೆಳಗೆ ಬಂತು.

ರಾಜಕಾರಣದ ಎಳೆ ಬೇಕಂದ್ರೆ ಇದನ್ನೂ ಸೇರಿಸಿ. 1890ರ ಮಿಸಿಸಿಪಿ ಸಂವಿಧಾನದಲ್ಲಿ ಓಟು ಹಾಕೋಕೆ ವರ್ಷಕ್ಕೆ ಎರಡು ಡಾಲರ್ ತಲೆಗಂದಾಯ. ವರ್ಷಪೂರ್ತಿ ಉದ್ರಿಯಲ್ಲಿ ಬದುಕೋನ ಕೈಗೆ ಎರಡು ಡಾಲರ್ ನಗದು ಎಲ್ಲಿಂದ ಬರ್ಬೇಕು? ಅಂಗಡಿ ಖಾತೆ ಪುಸ್ತಕ ಮತದಾರರ ಪಟ್ಟಿವರೆಗೂ ಕೈಚಾಚಿತ್ತು.

---

ಎರೆಹೊಲ:

ಲಿಯನ್‌ಗೆ ಪದಾ ಹುಡುಕೂದ ಬ್ಯಾಡ, ದಿನಾ ತಲಾಠಿ ಕಚೇರ್ಯಾಗ ಕೇಳತೀವಿ. ಬೋಜಾ. ಸೊಸೈಟಿ ಸಾಲಾ ತಗೊಂಡ್ರ ಪಹಣಿಯ 11ನೇ ಕಾಲಮಿನ್ಯಾಗ ಬೋಜಾ ಏರಸ್ತಾರ, ತೀರಿಸಿದ ಮ್ಯಾಲ ಬೋಜಾ ಕಡಿಮಿ ಮಾಡಸಾಕ ಆರು ಸಲ ಅಡ್ಡಾಡಬೇಕು. 'ಬೆಳೆ ಮೇಲೆ ಬೋಜಾ' ಅಂತ ಬರೀರಿ.

---

ಗಮಕಿ:

ಬೋಜಾ ಕನ್ನಡವಲ್ಲ. ಹಿಂದಿ ಮರಾಠಿಯ ಬೋಝಾ, ಹೊರೆ. ಋಣಭಾರ ಎಂಬ ಪದ ಕನ್ನಡದಲ್ಲಿ ಸತ್ತಿಲ್ಲ.

---

ನೇಸರನುಡಿ:

'ಋಣಬಾರ' ಕನ್ನಡ, 'ಬೋಜಾ' ಕನ್ನಡ ಅಲ್ಲ! ಕಾಶಿಯಿಂದ ಬಂದ್ರೆ ನಮ್ಮದು, ಪುಣೆಯಿಂದ ಬಂದ್ರೆ ಎರವಲು. ಎರಡೂ ಎರವಲೇ. 'ಬೆಳೆಯೊತ್ತೆ' ಅಂತ ನಾನು ಮೊದಲೇ ಕೊಟ್ಟಿದ್ದೆ, ಯಾರೂ ನೋಡಲಿಲ್ಲ.

---

ಕಡಲತಡಿ:

ಒತ್ತೆ ಅಂದರೆ ವಸ್ತುವನ್ನು ಕೊಟ್ಟು ಬರುವುದು ಮಾರಾಯ್ರೆ, ಬಳೆ ಒತ್ತೆ ಇಟ್ಟ ಹಾಗೆ. ಇಲ್ಲಿ ಬೆಳೆ ಇನ್ನೂ ಹುಟ್ಟಲೇ ಇಲ್ಲ. ನಾನೂ ಬೋಜಾಕ್ಕೇ. ನಮ್ಮ ಊರಿನಲ್ಲಿ ಆ ಪದ ಕೇಳಿದವನಲ್ಲ, ಆದರೆ ಕೇಳಿದ ಕೂಡಲೇ ಬೆನ್ನು ಬಗ್ಗಿತು.

---

ಗಮಕಿ:

ಹಾಗಾದರೆ ನೇಸರನುಡಿಯವರು ಮೊದಲು ಹೇಸರಗತ್ತೆಯ ಬಗ್ಗೆ ತೀರ್ಮಾನಿಸಲಿ. ಹೇಸರವೆಂಬುದು ಸಂಸ್ಕೃತದ ವೇಸರ. ಮಿಶ್ರತಳಿ. ನಾಗರವೂ ಅಲ್ಲದ ದ್ರಾವಿಡವೂ ಅಲ್ಲದ ನಮ್ಮ ಚಾಲುಕ್ಯರ ಗುಡಿಗಳನ್ನು ವೇಸರ ಶೈಲಿ ಎನ್ನುವುದಕ್ಕೂ ಇದೇ ಕಾರಣವೆಂದು ವಾದಿಸುವವರಿದ್ದಾರೆ. ಬೆನ್ನ ಮೇಲೆ ಸಂಸ್ಕೃತ ಹೊತ್ತ ಕನ್ನಡದ ಕತ್ತೆ. ಅದನ್ನೂ ಹೊರಗೆ ಹಾಕುವಿರಾ?

---

ನೇಸರನುಡಿ:

ಹೇಸರಗತ್ತೆ ಹಳ್ಳಿಯವರ ಬಾಯಲ್ಲಿ ಪಳಗಿದ ಪದ, ಅದು ಇರಲಿ. ನನ್ನ ತಕರಾರು ಪಳಗದೇ ಇರೋದರ ಮೇಲೆ.

---

ಎರೆಹೊಲ:

ಹಂಗಾರ ಬೋಜಾನೂ ಪಳಗೇತಿ. ನಮ್ಮ ಓಣ್ಯಾಗ ಸಾಲಿ ಕಲೀದ ಮುದುಕಿಗೂ ಗೊತ್ತು. ನೀವು ಹೇಳಿದ ಪಾಲ್ಗೆಯ್ಮೆಗ ಯಾರ ಬಾಯಾಗ ಪಳಗೇತ್ರಿ, ತೋರಸ್ರಿ ಒಂದು.

---

ನೇಸರನುಡಿ:

ಹೊಸ ಪದ ಮೊದಲ ದಿನವೇ ಪಳಗಿರಲ್ಲ. ಈ ಗುಂಪಿನಲ್ಲಿ ಪ್ರತಿ ಸಲ ಇದೇ ಆಗೋದು. ನಾನಿನ್ನು ಇದರಲ್ಲಿ ಬರೆಯಲ್ಲ.

---

ಪೀಚ್‌ಮರ:

ಜಗಳದ ಮಧ್ಯೆ ಒಂದು ತಿದ್ದುಪಡಿ ಅರೆಮಲ್ಲಿಗೆ ಅವರೇ, ಫೈಲ್ ಕಳಿಸೋ ಮುಂಚೆ ನೋಡಿ. ಶೆರ್ಮನ್ ಆದೇಶದಲ್ಲಿ ಹೇಸರಗತ್ತೆ ಇಲ್ಲ. ಅದರಲ್ಲಿರೋದು 40 ಎಕರೆ ಮಾತ್ರ, ಸೈನ್ಯ ಕೆಲವರಿಗೆ ಪ್ರಾಣಿಗಳನ್ನ ಆಮೇಲೆ ಕೊಟ್ಟಿದ್ದು. ಜನರ ಬಾಯಲ್ಲಿ '40 ಎಕರೆ, ಒಂದು ಹೇಸರಗತ್ತೆ' ಅಂತ ಸೇರ್ಕೊಂಡ್ತು. ಆದೇಶದಲ್ಲಿತ್ತು ಅಂತ ಬರೀಬೇಡಿ.

ಚರ್ಚಿನ ಎಳೆ ಪಾದ್ರಿಗಳ ಸಭೆಗೇ ಮುಗಿಸಬೇಡಿ. ಅದೇ 1865ರ ಅಕ್ಟೋಬರಲ್ಲಿ ಜನರಲ್ ಹೊವಾರ್ಡ್, ಫ್ರೀಡ್‌ಮನ್ಸ್ ಬ್ಯೂರೋ ಅನ್ನೋ, ಬಿಡುಗಡೆಯಾದ ಗುಲಾಮರಿಗೆ ಅಂತಿದ್ದ ಸರ್ಕಾರಿ ಇಲಾಖೆಯ ಮುಖ್ಯಸ್ಥ, ಸೌತ್ ಕೆರೊಲಿನಾದ ಎಡಿಸ್ಟೊ ದ್ವೀಪಕ್ಕೆ ಹೋಗಿ, ನಿಮ್ಮ ಜಮೀನು ಹಳೇ ಒಡೆಯರಿಗೆ ವಾಪಸ್ ಹೋಗುತ್ತೆ ಅಂತ ಹೇಳಿದ್ದೂ ಒಂದು ಚರ್ಚೊಳಗೇ. ಒಳಗೆ ಕಾಲಿಡೋಕೆ ಜಾಗ ಇರ್ಲಿಲ್ಲ. ಗದ್ದಲ ಎದ್ದಾಗ ಒಬ್ಬಳು ಹೆಂಗಸು ದುಃಖದ ಹಾಡು ಶುರುಮಾಡಿದ್ಲು, ಎಲ್ಲರೂ ದನಿಗೂಡಿಸಿದ್ರು. ಐವತ್ತು ವರ್ಷ ಆದ್ಮೇಲೂ ಅದೇ ಕಥೆ, 1919ರ ಸೆಪ್ಟೆಂಬರ್ 30ರ ರಾತ್ರಿ ಅರ್ಕಾನ್ಸಾದ ಹೂಪ್ ಸ್ಪರ್‌ನಲ್ಲಿ ಕ್ರಾಪರ್‌ಗಳು ಹತ್ತಿ ಲೆಕ್ಕ ಕೊಡಿ ಅಂತ ಕೇಳೋಕೆ ಸಂಘ ಕಟ್ಟಿ ಸೇರಿದ್ದೂ ಚರ್ಚಲ್ಲೇ, ಗುಂಡಿನ ಚಕಮಕಿ ಆಗಿದ್ದೂ ಅಲ್ಲೇ, ಆಮೇಲೆ ನಡೆದದ್ದು ಕರಿಯರನ್ನ ಗುಂಪುಗುಂಪಾಗಿ ಕೊಂದ ಎಲೇನ್ ಹತ್ಯಾಕಾಂಡ. ಕರಿಯರಿಗೆ ತಮ್ಮದು ಅಂತ ಇದ್ದ ಕಟ್ಟಡ ಎಷ್ಟೋ ಕಡೆ ಅದೊಂದೇ, ಹಂಗಾಗಿ ದೇವರೂ ಅಲ್ಲೇ, ಸ್ಕೂಲೂ ಅಲ್ಲೇ, ಸಂಘಾನೂ ಅಲ್ಲೇ.

---

ಅರೆಮಲ್ಲಿಗೆ:

ಹೇಸರಗತ್ತೆ ತೆಗೆದು ಕೆಳಗಿನ ಸಾಲಿಗೆ ಹಾಕ್ದೆ, 'ಎಂದು ಜನ ಹೇಳಿಕೊಂಡರು' ಅಂತ. ಎಡಿಸ್ಟೊ ಸೇರಿಸ್ದೆ, ಹೂಪ್ ಸ್ಪರ್‌ಗೆ ಜಾಗ ಸಾಲ್ಲಿಲ್ಲ, ಹೊಟ್ಟೆ ಉರೀತು. ಬೋಜಾ ಉಳಿಸ್ಕೊಂಡೆ, ಗಮಕಿ ಸರ್ ಕ್ಷಮಿಸಬೇಕು. ರಾತ್ರಿ 1:15ಕ್ಕೆ ಮೇಲ್ ಮಾಡ್ದೆ.

---

ಅರೆಮಲ್ಲಿಗೆ (ಮಾರನೇ ದಿನ ಸಂಜೆ):

ಫ್ಲೆಕ್ಸ್ ಬಂತು. ಹೆಡಿಂಗ್ 'ಪಾಲಿನ ದುಡಿಮೆ' ಚೆನ್ನಾಗಿ ಕೂತಿದೆ. ಆದ್ರೆ ಅಂಗಡಿಯವರು ಯೂನಿಕೋಡಿಂದ ಅವರ ಫಾಂಟಿಗೆ ಬದಲಾಯಿಸೋವಾಗ ಒತ್ತಕ್ಷರ ಹಾರಿಹೋಗಿ 'ಹೇಸರಗತೆ' ಆಗಿದೆ. ಹತ್ತಿರಕ್ಕೆ ಬಂದು ಓದಿದ ಮೊದಲನೇ ಹುಡುಗಿ 'ಮಿಸ್, ಹೇಸರಗತೆ ಅಂದ್ರೆ ಗತಕಾಲನಾ' ಅಂದ್ಲು. ಬಿಳಿ ಸ್ಟಿಕ್ಕರ್ ಮೇಲೆ ಮಾರ್ಕರಲ್ಲಿ ಬರೆದು ಅಂಟಿಸ್ದೆ. ಬೋಜಾ ಏನು ಅಂತ ಯಾರೂ ಕೇಳ್ಲಿಲ್ಲ, ಕಾಲೇಜಿನ ಅಟೆಂಡರ್ ಮಾತ್ರ ಆ ಸಾಲಿನ ಮುಂದೆ ತುಂಬಾ ಹೊತ್ತು ನಿಂತಿದ್ರು, ಅವರ ಊರು ನರಗುಂದ ಅಂತೆ.

---

ನೇಸರನುಡಿ:

'ದುಡಿಮೆ' ಅಚ್ಚಗನ್ನಡ. ಸದ್ಯ.

---

ಗಮಕಿ:

'ಫ್ಲೆಕ್ಸ್' ಎಂಬುದಕ್ಕೆ ಕನ್ನಡವೇನು ಎಂದು ಯಾರೂ ಕೇಳಲಿಲ್ಲ.